ಮಾವನ ಹೊಸ ಪಂಚೆ

ಬಿಳಿ ಪಂಚೆಗೆ ಮೆತ್ತಿದ ಅರಿಶಿನ ಕಂಡರೆ ಇವತ್ತಿಗೂ ನನಗೆ ತಲೆ ಎತ್ತಲಾಗುವುದಿಲ್ಲ.

ಅಮ್ಮನ ತಮ್ಮ ರಾಯಕೋಟೆ ಬಸ್ಸಿಳಿದು ಮನೆಗೆ ಬಂದಾಗಲೆಲ್ಲ ಅಜ್ಜಿ ಅಕ್ಕನನ್ನು ಕೂಗುತ್ತಿದ್ದರು: "ನಿನ್ ಗಂಡ ಬಂದ ನೋಡೇ!" ಪುಟ್ಟವನಾದ ನಾನೂ ಅದನ್ನೇ ಕೂಗುತ್ತಿದ್ದೆ. ಕಾಲೇಜು ಮುಗಿಸಿದ ಅಕ್ಕ ಮಾತ್ರ, "ನನ್ನ ಎತ್ತಾಡ್ಸಿದೋನ್ನ ಹೆಂಗಮ್ಮ ಮದ್ವೆ ಆಗ್ಲಿ?" ಅಂದುಬಿಟ್ಟಳು. ಹೊಸೂರಿನ ಬೇರೆ ಗಂಡು ಗೊತ್ತಾಯಿತು.

ಹೆಣ್ಣನ್ನು ಹಸೆಗೆ ಎತ್ತಿ ತರಬೇಕಾದವನು ಸೋದರಮಾವನೇ. ಮದುವೆಯ ದಿನ ಅವನು ಚಪ್ಪರದೊಳಗೆ ಕಾಲಿಟ್ಟ ಕೂಡಲೇ, ಬೀಗರೆಲ್ಲರ ಎದುರು, ನಾನು ಅಭ್ಯಾಸದಂತೆ ಕೂಗಿದೆ: "ಅಕ್ಕಾ, ನಿನ್ ಗಂಡ ಬಂದ!"

ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಮಾವ ಅಕ್ಕನನ್ನು ಎತ್ತಿಕೊಂಡ. ಅವಳ ಪಾದದ ಅರಿಶಿನ ಅವನ ಹೊಸ ಪಂಚೆಗೆ ಮೆತ್ತಿತು.

"ನಾನು ಹೆಣ್ಣಿನ ಮಾವ ಕಣ್ರಪ್ಪಾ, ಅಷ್ಟೆ," ಅಂದ ನಗುತ್ತಾ.

ಅವನನ್ನು ಯಾರೂ ಏನೂ ಕೇಳಿರಲಿಲ್ಲ.