ಮನೆಯ ನೆಟ್ಟು

ಬಿದ್ದು ಸೊಂಟ ಮುರಿದುಕೊಂಡಿದ್ದ ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಹೋಗಲಾರದೆ, ಇಂದುಮತಿ ಮಗಳ ಗಾಯನ ಸ್ಪರ್ಧೆಯನ್ನು ಮನೆಯ ಕಂಪ್ಯೂಟರಿನಲ್ಲೇ ನೋಡಲು ಕೂತಿದ್ದಳು. ಶಾಲೆಯವರು ನೇರಪ್ರಸಾರ ಇಟ್ಟಿದ್ದರು. ಆದರೆ ಬೆಳಗಿನಿಂದ ನೆಟ್ಟು ಕೈಕೊಡುತ್ತಲೇ ಇತ್ತು. ಮೊದಲು ಹಾಡಿದ ಮಕ್ಕಳೆಲ್ಲ ಪರದೆಯ ಮೇಲೆ ಬಾಯಿ ತೆರೆದುಕೊಂಡು ನಿಂತುಬಿಟ್ಟಿದ್ದರು.

ಮಗಳು ಮೈಕು ಹಿಡಿದು ಬಂದಳು. ಮೊದಲ ಸಾಲು ಚೆನ್ನಾಗಿಯೇ ಹಾಡಿದಳು. ಆಮೇಲೆ ದನಿ ನಿಂತಿತು, ಮುಖ ಅಲ್ಲಾಡಲಿಲ್ಲ.

ಇಂದುಮತಿ ನಿಟ್ಟುಸಿರಿಟ್ಟು ತಮ್ಮನಿಗೆ ಫೋನು ಮಾಡಿದಳು. "ಮತ್ತೆ ನಿಂತೋಯ್ತು ಕಣೋ."

"ಬೇರೆ ಟ್ಯಾಬ್ ಎಲ್ಲ ಮುಚ್ಚಿದ್ಯಾ ಅಕ್ಕ?"

"ಮುಚ್ಚಿದೆ. ಹಾಗೇ ನಿಂತಿದಾಳೆ."

"ಕ್ವಾಲಿಟಿ ಕಮ್ಮಿ ಮಾಡು."

"ಮಾಡ್ದೆ. ಮುಖ ಮಸುಕಾಯ್ತು, ಅಷ್ಟೆ."

"ಹಾಗಾದ್ರೆ ರಿಫ್ರೆಶ್ ಒತ್ತು. ಆ ಡಬ್ಬಾನ ಗುಜರಿಗೆ ಹಾಕಿ ಅಂದ್ರೆ ಭಾವ ಕೇಳಲ್ಲ."

ಒಳಗಿನಿಂದ ಅತ್ತೆ ನೀರು ಕೇಳಿದರು. "ಬಂದೆ ಅತ್ತೆ," ಎನ್ನುತ್ತಲೇ ಅವಳು ರಿಫ್ರೆಶ್ ಒತ್ತಿದಳು. ಚಕ್ರ ತಿರುಗಿ ಚಿತ್ರ ಮತ್ತೆ ಬಂತು. ಮಗಳು ಹಾಗೆಯೇ ನಿಂತಿದ್ದಳು.

"ಬಿಡೋ, ಅಲ್ಲಿ ಹಾಡು ಮುಗ್ದೇ ಹೋಗಿರತ್ತೆ," ಎಂದಳು ಇಂದುಮತಿ. "ಚಪ್ಪಾಳೆನಾದ್ರೂ ಕೇಳ್ಬೇಕಿತ್ತು. ತಿಂಗಳಿಂದ ಅಡುಗೆಮನೇಲಿ ನನ್ನ ಹಿಂದೆಹಿಂದೇನೇ ಹಾಡ್ಕೊಂಡು ಓಡಾಡ್ತಿತ್ತು ಮಗು."

ಅಷ್ಟರಲ್ಲಿ ಪರದೆಯ ಅಂಚಿನಿಂದ ಟೀಚರು ನಡೆದು ಬಂದು, ಅಲುಗದೆ ನಿಂತಿದ್ದ ಮಗಳ ಕೈಯಿಂದ ಮೆಲ್ಲನೆ ಮೈಕು ಬಿಡಿಸಿಕೊಂಡರು.