ವೈರಿಲ್ಲದ ಮೌಸ್

ಬಾಣ ಮತ್ತೆ ಓಡಿತು. ಉಮಾಮಹೇಶ್ವರಿ ವಧುವಿನ ಹೆಸರಿನ ಮೇಲೆ ತಂದು ನಿಲ್ಲಿಸಿದ್ದ ಕರ್ಸರ್ ಅವಳ ಕಣ್ಣೆದುರೇ ಜಾರಿ ಸ್ಕ್ರೀನಿನ ಮೂಲೆ ಸೇರಿತು. ಅವಳು ಮೌಸಿನಿಂದ ಕೈ ತೆಗೆದಳು. ಆದರೂ ಓಡಿತು. ಮೌಸನ್ನು ಮಗುಚಿ ಸೆಲ್ ಬಿಚ್ಚಿ ಮೇಜಿನ ಮೇಲಿಟ್ಟಳು. ಆಗಂತೂ ಇನ್ನೂ ಜೋರಾಗಿ ಓಡಿತು.

"ಯಾರದ್ದೋ ದೃಷ್ಟಿ ತಾಗಿದೆ ಕಣಮ್ಮ," ಎಂದರು ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಷಡಕ್ಷರಪ್ಪ. ಮಗಳ ಲಗ್ನಪತ್ರಿಕೆ ಮಾಡಿಸಲು ಭದ್ರಾವತಿಯ ಜನ್ನಾಪುರದಿಂದ ಬೆಳಿಗ್ಗೆಯೇ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದವರು. "ಹನ್ನೆರಡಕ್ಕೆ ಕರೆಂಟ್ ತೆಗೀತಾರೆ. ಅಷ್ಟರೊಳಗೆ ಪ್ರಿಂಟ್ ಕೈಗೆ ಬರ್ಲಿಲ್ಲ ಅಂದ್ರೆ ಕರೆಂಟ್ ಬಂದ್ಮೇಲೆ ಪಕ್ಕದ ಅಂಗಡೀಲಿ ಮಾಡಿಸ್ಕೊಂತೀನಿ. ಬೇಜಾರು ಮಾಡ್ಕೋಬೇಡ."

ಉಮಾಮಹೇಶ್ವರಿಗೆ ಬಂದದ್ದು ಬೇಜಾರಲ್ಲ, ಸಿಟ್ಟು. ಪಕ್ಕದ ಅಂಗಡಿ ಎಂದರೆ ಸುಮನಾ. ಏಳು ವರ್ಷ ಇದೇ ಜಾಗದಲ್ಲಿ ಇಬ್ಬರೂ ಒಟ್ಟಿಗೆ ಡಿ.ಟಿ.ಪಿ. ಮಾಡಿದವರು. ಇವಳು ಟೈಪ್ ಮಾಡಿದರೆ ಸುಮನಾ ಬೆನ್ನ ಹಿಂದೆ ನಿಂತು ಪ್ರೂಫ್ ನೋಡುವಳು. ಹೋದ ದೀಪಾವಳಿಯ ಹೊತ್ತಿಗೆ ಗಿರಾಕಿಯ ಎದುರೇ "ಅಕ್ಕ, ಇಲ್ಲಿ ತಪ್ಪಾಗಿದೆ" ಎಂದು ಸುಮನಾ ಬೆರಳಿಟ್ಟು ತೋರಿಸಿದಳು, "ನನ್ನ ಕೆಲಸದಲ್ಲಿ ಕೈ ಹಾಕಬೇಡ" ಎಂದು ಇವಳು ಸಿಡುಕಿದಳು, ಅಷ್ಟಕ್ಕೇ ಅಂಗಡಿಯ ನಡುವೆ ಪ್ಲೈವುಡ್ ಎದ್ದು ನಿಂತಿತು. ಮಾತು ಅವತ್ತೇ ನಿಂತದ್ದು.

ಮೌಸನ್ನು ಬೈಯುವಂತೆಯೂ ಇರಲಿಲ್ಲ. ಮೂರು ಸಾವಿರ ಕೊಟ್ಟು ಹೋದ ವಾರವಷ್ಟೇ ತಂದದ್ದು. ಅಂಗೈಗೆ ಹೇಳಿ ಮಾಡಿಸಿದಂತಿತ್ತು. ವೈರಿಲ್ಲ, ಹಾಗಾಗಿ ಸೆರಗಿಗೆ ಸಿಕ್ಕಿಕೊಂಡು ಟೀ ಲೋಟ ಉರುಳಿಸುವ ಭಯವಿಲ್ಲ. ಕೂದಲೆಳೆಯಷ್ಟು ಸರಿಸಿದರೂ ಅದಕ್ಕೆ ಗೊತ್ತಾಗುತ್ತದೆ. ಸೆಲ್ ನುಂಗುವ ಚಾಳಿಯೊಂದಿತ್ತು, ಅದನ್ನು ಅವಳು ಕ್ಷಮಿಸಿದ್ದಳು. "ಇಡೀ ಶಿವಮೊಗ್ಗದಲ್ಲಿ ಇದು ನಿಮ್ಮೊಬ್ಬರ ಹತ್ರ ಮಾತ್ರ ಮೇಡಂ," ಎಂದು ಹೇಳಿ ಮಾರಿದ್ದ ಸೇಲ್ಸ್‌ಮನ್ ವಿಷ್ಣುಪ್ರಸಾದ. ಅದೇ ಮಾತನ್ನು, ಅದೇ ದಿನ, ಅದೇ ನಗುಮುಖದಲ್ಲಿ ಅವನು ಪ್ಲೈವುಡ್ಡಿನ ಆಚೆಗೂ ಹೇಳಿದ್ದ.

ಸೆಲ್ ಹಾಕಿ ಮೌಸನ್ನು ಮತ್ತೆ ಆಡಿಸಿದಳು. ತಕ್ಷಣ ಆಚೆ ಕಡೆಯಿಂದ ಸುಮನಾಳ ಕೂಗು ಕೇಳಿಸಿತು: "ಅಯ್ಯೋ ಇದರ ಮನೆ ಹಾಳಾಗ! ಎಲ್ಲಿಗೆ ಓಡ್ತಿದೆ ಇದು?"

ಷಡಕ್ಷರಪ್ಪ ಎದ್ದು ಫುಟ್‌ಪಾತಿಗೆ ಇಳಿದರು. ಎರಡೂ ಸ್ಕ್ರೀನು ರಸ್ತೆಗೆ ಮುಖ ಮಾಡಿದ್ದವು, ಇಬ್ಬರು ಹೆಂಗಸರೂ ರಸ್ತೆಗೆ ಬೆನ್ನು ಹಾಕಿ ಕೂತಿದ್ದರು. ಅವರು ಪ್ಲೈವುಡ್ಡಿನ ಅಂಚಿಗೆ ನಿಂತು ಅತ್ತ ಒಮ್ಮೆ ಇತ್ತ ಒಮ್ಮೆ ನೋಡಿದರು. ನೋಡನೋಡುತ್ತ ಹೊಟ್ಟೆ ಕುಣಿಸಿಕೊಂಡು ನಕ್ಕರು.

"ಅವಳಿ ಜವಳಿ ಕಣ್ರಮ್ಮ ಇವು! ಈ ಕಡೆ ಆಡಿಸಿದ್ರೆ ಆ ಕಡೇದೂ ಓಡುತ್ತೆ, ಆ ಕಡೆ ಆಡಿಸಿದ್ರೆ ಈ ಕಡೇದೂ. ನಡುವೆ ಪ್ಲೈವುಡ್ ಇದೆ ಅಂತ ಇವಕ್ಕೆ ಯಾರೂ ಹೇಳೇ ಇಲ್ಲ!"

"ಒಂದರ್ಧ ಗಂಟೆ ಕೈ ತೆಗೀಬೇಕಂತೆ ಅಂತ ಹೇಳಿ ಅವಳಿಗೆ," ಎಂದಳು ಉಮಾಮಹೇಶ್ವರಿ, ಗೋಡೆ ನೋಡುತ್ತ.

"ನೀನೇ ಹೇಳು ಮಾರಾಯ್ತಿ, ಎರಡಡಿ ದೂರ ಇಲ್ಲ."

ಆಚೆಯಿಂದಲೇ ಉತ್ತರ ಬಂತು: "ಮುಟ್ಟಲ್ಲ ಅಂತ ಹೇಳಿ ಯಜಮಾನ್ರೆ. ನಂದೇನು ಅರ್ಜೆಂಟಿಲ್ಲ."

ಕೆಲಸ ಸಾಗಿತು. ಷಡಕ್ಷರಪ್ಪ ಒಳಗೆ ಬಂದು ಹೆಸರುಗಳನ್ನು ನಾಲ್ಕನೇ ಸಲ ಓದಿದರು. ಸೋದರಮಾವಂದಿರು, ಚಿಕ್ಕಪ್ಪಂದಿರು, ಬೀಗರು, ಒಬ್ಬರನ್ನು ಬಿಟ್ಟರೂ ಜನ್ಮಪೂರ್ತಿ ಮುನಿಸು. "ಎಲ್ಲಾ ಸರಿ ಇದೆ. ಪ್ರಿಂಟ್ ಕೊಡು. ಐನೂರು ಕಾರ್ಡು ಇವತ್ತೇ ಪ್ರೆಸ್ಸಿಗೆ ಹೋಗ್ಬೇಕು."

ಕೆಲಸವಿಲ್ಲದ ಸುಮನಾ ಮೌಸನ್ನು ಕೈಯಲ್ಲೇ ಹಿಡಿದುಕೊಂಡು ಆಗಲೇ ಫುಟ್‌ಪಾತಿಗೆ ಬಂದಿದ್ದಳು. ಏಳು ವರ್ಷದ ಅಭ್ಯಾಸ, ಕಣ್ಣು ತಾನಾಗಿ ಅಕ್ಕನ ಬೆನ್ನ ಮೇಲಿನಿಂದ ಸ್ಕ್ರೀನಿಗೆ ಹೋಯಿತು. ಹೆಸರುಗಳೆಲ್ಲ ಸರಿಯಿದ್ದವು. ದಿನಾಂಕದ ಮುಂದೆ ಮಾತ್ರ 'ಸೋಮವಾರ' ಎಂದಿತ್ತು. ಆ ದಿನ ಭಾನುವಾರ. ಐನೂರು ಕಾರ್ಡು ಹೀಗೇ ಹೋದರೆ ನೆಂಟರು ಮದುವೆ ಮುಗಿದ ಮರುದಿನ ಬರುತ್ತಾರೆ, ಮದುವೆಯವರು ಯಾರೂ ಮತ್ತೆ ಅಕ್ಕನ ಅಂಗಡಿಗೆ ಕಾಲಿಡುವುದಿಲ್ಲ, ಎಲ್ಲ ತನ್ನ ಕಡೆಗೇ ಬರುತ್ತಾರೆ. ಸುಮ್ಮನಿದ್ದರೆ ಸಾಕಿತ್ತು. ಅವಳಿಗೆ ಅಕ್ಕನ ಮೇಲೆ ಸಿಟ್ಟೂ ಇತ್ತು. ಆದರೆ ಅಕ್ಕನ ಹೆಸರು ಕೆಡುವುದನ್ನು ನಿಂತು ನೋಡುವುದು ಅವಳಿಂದ ಆಗಲಿಲ್ಲ. ಬಾಯಿ ತೆರೆದಳು. ಎದುರಿಗೆ ಗಿರಾಕಿ ಕೂತಿದ್ದರು. ಬಾಯಿ ಮುಚ್ಚಿಕೊಂಡು, ಮೌಸನ್ನು ಪ್ಲೈವುಡ್ಡಿಗೆ ಒತ್ತಿ ಮೆಲ್ಲಗೆ ಸರಿಸಿದಳು.

ಉಮಾಮಹೇಶ್ವರಿಯ ಎರಡೂ ಕೈ ಕೀಬೋರ್ಡಿನ ಮೇಲಿದ್ದವು. ಬಾಣ ತಾನಾಗಿ ಹೊರಟು, ಸಾಲುಗಳನ್ನು ದಾಟಿ, ಆ ಒಂದು ಪದದ ಕೆಳಗೆ ಬಂದು ಅತ್ತಿತ್ತ ಆಡಿತು.

"ಮತ್ತೆ ಶುರುವಾಯ್ತಲ್ಲ! ಏ ತಂಗಿ, ಮುಟ್ಟಲ್ಲ ಅಂದಿದ್ದೆ!" ಎಂದು ಷಡಕ್ಷರಪ್ಪ ಪ್ಲೈವುಡ್ಡಿಗೆ ಗದರಿದರು.

"ಸುಮ್ನಿರಿ ಯಜಮಾನ್ರೆ," ಎಂದಳು ಉಮಾಮಹೇಶ್ವರಿ.

ಅವಳು ಪದ ನೋಡಿದಳು, ಮನಸ್ಸಿನಲ್ಲೇ ವಾರ ಎಣಿಸಿದಳು. ಅಷ್ಟರಲ್ಲಿ ಪದದ ಮೇಲೆ ಎರಡು ಸಲ ಕ್ಲಿಕ್ ಆಗಿ ಅದು ಸೆಲೆಕ್ಟ್ ಆಯಿತು. ಅವಳು ಅದರ ಮೇಲೆ 'ಭಾನುವಾರ' ಎಂದು ಟೈಪ್ ಮಾಡಿದಳು.

"ಈಗ್ಲಾದ್ರೂ ಪ್ರಿಂಟ್ ಕೊಡ್ತೀಯಾ? ಹನ್ನೆರಡಕ್ಕೆ ಐದು ನಿಮಿಷ ಇದೆ."

"ತಡೀರಿ. ಇನ್ನೊಂದ್ಸಲ ನೋಡ್ಲಿ."

"ಯಾರು ನೋಡೋದು? ಇಲ್ಲಿ ಕೂತಿರೋದು ನೀನೊಬ್ಬಳೇ ಅಲ್ವಾ?"

ಉಮಾಮಹೇಶ್ವರಿ ಹಿಂತಿರುಗಿ ನೋಡಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಬಾಣ ಮೇಲೆ ಹೋಗಿ, 'ಶ್ರೀ ಗುರುಬಸವಲಿಂಗಾಯ ನಮಃ' ಎಂಬಲ್ಲಿಂದ ಹಿಡಿದು, ಒಂದೊಂದೇ ಪದದ ಕೆಳಗೆ ನಿಂತು ನಿಂತು ಓದುತ್ತ ಇಳಿಯತೊಡಗಿತು.