ಇಪ್ಪತ್ತನೇ ಗಂಟುಮೂಟೆ

ಅಧಿಕಾರಿಯಾಗಿದ್ದಷ್ಟು ಕಾಲ ಸರ್ವಮಂಗಳಾ ಮೇಡಂ ಬಾಯಲ್ಲಿ ಒಂದೇ ಮಾತು... "ಬರೆದು ಕೊಡಿ ಸಾರ್."

ಮಂತ್ರಿಗಳು ಫೋನ್ ಮಾಡಿ ತಪ್ಪು ಕೆಲಸ ಹೇಳಿದರೆ ಈ ಐಎಎಸ್ ಅಧಿಕಾರಿ ಕೇಳುತ್ತಿದ್ದದ್ದು ಅಷ್ಟೇ. ಯಾರೂ ಬರೆದು ಕೊಡುತ್ತಿರಲಿಲ್ಲ. ಬರೆದರೆ ಸಿಕ್ಕಿಬೀಳುತ್ತಾರಲ್ಲ!

ಬದಲಿಗೆ ವರ್ಗಾವಣೆ ಆದೇಶ ಬರುತ್ತಿತ್ತು. ಮೂವತ್ತು ವರ್ಷದಲ್ಲಿ ಹತ್ತೊಂಬತ್ತು ಸಲ...

ನಿವೃತ್ತಿಯಾದ ಮೇಲೆ ಜನರೇ ಎಲೆಕ್ಷನ್‌ಗೆ ನಿಲ್ಲಿಸಿದರು. ಗೆದ್ದು ಶಾಸಕಿಯಾದರು.

ಆರು ತಿಂಗಳಾಗಿತ್ತು. ಒಂದು ಬೆಳಿಗ್ಗೆ, ಚುನಾವಣೆಯಲ್ಲಿ ಹಗಲಿರುಳು ಓಡಾಡಿದ್ದ ಮುನಿವೆಂಕಟಪ್ಪ ಹತ್ತಾರು ಜನರೊಂದಿಗೆ ಮನೆಗೆ ಬಂದರು.

"ಅಮ್ಮಾ, ಹೆಣ್ಮಕ್ಕಳ ಹಾಸ್ಟೆಲ್‌ಗೆ ಅಂತ ಇಟ್ಟಿರೋ ಜಾಗ ನಮ್ ಸಮುದಾಯ ಭವನಕ್ಕೆ ಬೇಕು. ತಹಶೀಲ್ದಾರ್‌ಗೆ ಒಂದ್ ಮಾತು ಹೇಳಿ, ಸಾಕು."

ಆ ಹಾಸ್ಟೆಲ್ ಹುಡುಗಿಯರು ಬಾಡಿಗೆ ಗೋಡೌನಿನಲ್ಲಿ ಮಲಗುತ್ತಿದ್ದರು. ಮೇಡಂಗೂ ಗೊತ್ತಿತ್ತು. ಆದರೆ ಮುನಿವೆಂಕಟಪ್ಪ ಇಲ್ಲದಿದ್ದರೆ ಗೆಲುವೇ ಇರುತ್ತಿರಲಿಲ್ಲ... ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ ತಹಶೀಲ್ದಾರ್‌ಗೆ ಫೋನ್ ಮಾಡಿದರು.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ಕುರ್ಚಿ ಬದಲಾದರೆ ನಾಲಿಗೆಯೂ ಬದಲಾಗುತ್ತದೆ ನೋಡಿ.

"ನೋಡಮ್ಮ, ಆ ಜಾಗ ಹಾಸ್ಟೆಲ್‌ಗೆ ಸರಿಹೋಗಲ್ಲ ಅಂತ ಒಂದು ವರದಿ ಕಳಿಸಿಬಿಡು."

ಸ್ಪೀಕರ್‌ನಲ್ಲಿ, ಹೊಸದಾಗಿ ಬಂದಿದ್ದ ತಹಶೀಲ್ದಾರ್ ಹುಡುಗಿಯ ನಡುಗುವ ದನಿ...

"ಬರೆದು ಕೊಡ್ತೀರಾ ಮೇಡಂ? ನಮ್ ಟ್ರೈನಿಂಗ್‌ನಲ್ಲಿ ಪಾಠ ಮಾಡೋಕೆ ಬಂದಾಗ ನೀವೇ ಹೇಳ್ಕೊಟ್ಟಿದ್ದು... ನಾನು ಹಿಂದಿನ ಬೆಂಚಲ್ಲಿ ಕೂತಿದ್ದೆ."

ಮುನಿವೆಂಕಟಪ್ಪ ಎದ್ದು ನಿಂತರು. "ಏನ್ ಕೊಬ್ಬು ಅವಳಿಗೆ! ನಾಳೆನೇ ಎತ್ತಂಗಡಿ ಮಾಡ್ಸಿ ಅಮ್ಮ!"

ಎತ್ತಂಗಡಿ... ಮೇಡಂ ಕಣ್ಣು ತುಂಬಿ ಬಂತು. ನಾಚಿಕೆಯಿಂದ ತಲೆ ತಗ್ಗಿತು.

"ಬರೆದು ಕೊಡ್ತೀನಮ್ಮ" ಎಂದು ಫೋನ್ ಇಟ್ಟರು. ಲೆಟರ್‌ಹೆಡ್ ತೆಗೆದು ಎಲ್ಲರೆದುರೇ ಬರೆದು, ಸಹಿ ಹಾಕಿ, ಗಟ್ಟಿಯಾಗಿ ಓದಿದರು.

"ಇಂದು ಬೆಳಿಗ್ಗೆ ಫೋನಿನಲ್ಲಿ ನಾನು ಹೇಳಿದ್ದು ತಪ್ಪು. ಆ ಜಾಗ ಹಾಸ್ಟೆಲ್‌ಗೇ ಇರಲಿ. ಈ ಪತ್ರವನ್ನೂ ಕಡತದಲ್ಲಿ ಇಡಿ."

ಮುನಿವೆಂಕಟಪ್ಪನ ಮುಖ ಕೆಂಪಾಯಿತು. "ಮುಂದಿನ್ ಸಲ ವೋಟ್ ಕೇಳಕ್ಕೆ ನಮ್ ಬೀದಿಗೆ ಹೆಂಗ್ ಬತ್ತೀರ, ನೋಡ್ತೀನಿ!"

ಮೇಡಂ ಕಣ್ಣೊರೆಸಿಕೊಂಡು ತಲೆಯೆತ್ತಿದರು.

"ಬಂದೇ ಬರ್ತೀನಿ. ಸೋಲಿಸ್ತೀರಾ? ಸೋಲಿಸಿ! ಹತ್ತೊಂಬತ್ತು ಸಲ ಗಂಟುಮೂಟೆ ಕಟ್ಟಿದೋಳಿಗೆ ಇಪ್ಪತ್ತನೇದು ಏನ್ ಮಹಾ, ಮುನಿವೆಂಕಟಪ್ಪನವರೇ?"

ಹಾಸ್ಟೆಲ್ ಪಾಯ ತೋಡಿದ ದಿನ ಆ ಪತ್ರ ಇನ್ನೂ ಕಡತದಲ್ಲೇ ಇತ್ತು...

*ಬರೆದು ಕೊಡಲು ಕೈ ಹಿಂಜರಿಯುವ ಮಾತನ್ನು ಬಾಯಲ್ಲೂ ಆಡಬಾರದು.*

ಇವತ್ತು ನೀವು ಫೋನಿನಲ್ಲಿ ಆಡಿದ ಮಾತುಗಳಲ್ಲಿ ಎಷ್ಟಕ್ಕೆ ಸಹಿ ಹಾಕುತ್ತೀರಿ?